ಗುರುವಾರದ ಕಾಕಾ

ನಮ್ಮ ಜನರಲ್ ಕಾಕಾ ನಮಗೆ ರಕ್ತಸಂಬಂಧಿಯಲ್ಲ, ಗುರುವಾರದ ಸಂಬಂಧಿ! ನಗಬೇಡಿ. ಓದಲೆಂದು ಧಾರವಾಡಕ್ಕೆ ಬಂದ ಬಡ ಹುಡುಗರು ಆಗೆಲ್ಲ ದಿನಕ್ಕೊಂದು ಮನೆಯಲ್ಲಿ ವಾರದ ಊಟ ಮಾಡುತ್ತಿದ್ದರು. ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ, ಹೀಗೆ. ಈ ಮನುಷ್ಯನ ಗುರುವಾರ ಮಾಳಮಡ್ಡಿಯ ನಮ್ಮ ಮನೆಯಲ್ಲಿತ್ತು. ಅಜ್ಜ ತೀರಿಕೊಂಡಾಗ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ದಿಕ್ಕು ತೋಚದೆ ಕೂತಿದ್ದ ಅಜ್ಜಿ, "ಈ ವಾರ ಬ್ಯಾಡಪಾ, ಮುಂದಿನ ವಾರ ನೋಡೋಣ" ಅಂದಳಂತೆ. ಮುಂದಿನ ವಾರ ಹುಡುಗ ಬರಲಿಲ್ಲ. ಮೊದಲ ಮಹಾಯುದ್ಧ ನಡೆದಿತ್ತು. ಸೈನ್ಯದಲ್ಲಿ ದಿನಾಲೂ ಊಟ ಹಾಕುತ್ತಾರೆಂದು ಯಾರೋ ಹೇಳಿದರಂತೆ, ಹುಬ್ಬಳ್ಳಿಗೆ ನಡೆದು ಹೋಗಿ ಸೇರಿಬಿಟ್ಟಿದ್ದ.

ಸೈನ್ಯ ಎಂದಕೂಡಲೇ ಬಂದೂಕು, ಕತ್ತಿ ಅಂತ ಕಲ್ಪಿಸಿಕೊಳ್ಳಬೇಡಿ. ಕಾಕಾ ಇದ್ದದ್ದು ಸರಬರಾಜು ಖಾತೆಯಲ್ಲಿ. ಅವರು ಜೀವಮಾನವಿಡೀ ಹೋರಾಡಿದ್ದು ಅಕ್ಕಿ, ಬೇಳೆ, ಚಿಮಣಿ ಎಣ್ಣೆ ಮತ್ತು ಹೇಸರಗತ್ತೆಗಳ ಜೊತೆಗೆ. ಬಸರಾದಲ್ಲಿ ಗುಮಾಸ್ತರಾಗಿ ಶುರುಮಾಡಿ ಎರಡನೆಯ ಯುದ್ಧದ ಹೊತ್ತಿಗೆ ಮೇಜರ್ ಆದರು. ಅಷ್ಟನ್ನು ಸರಕಾರ ಮಾಡಿತು. ಉಳಿದ ಬಡ್ತಿಯನ್ನು ಮಾಳಮಡ್ಡಿಯ ಕಟ್ಟೆಗಳ ಮೇಲೆ ಕೂತವರು ಕೊಟ್ಟು ಜನರಲ್ ಮಾಡಿದರು.

ಈ ಜನರಲ್ ಸಾಹೇಬರಿಗೆ ಇದ್ದ ವೈರಿ ಒಂದೇ ಒಂದು ಮಾತು: "ಮುಗದರ?" ಎಣ್ಣೆ ಮುಗಿದರೆ? ನೀರು ಮುಗಿದರೆ? ಅವರ ಖೋಲಿಯಲ್ಲಿ ಮೂರು ಛತ್ರಿ, ಮೂರು ಕಂದೀಲು, ಒಂದೊಂದು ಕಂದೀಲಿಗೂ ಇನ್ನೊಂದು ಗಾಜು. ನಡುವೆ ಚೀಲಗಳು, ಚೀಲಗಳ ನಡುವೆ ಎಲ್ಲೋ ಕಾಕಾ! ನೆರೆಮನೆಯ ಮದುವೆಯಲ್ಲಿ ಅಡುಗೆ ಭಟ್ಟರ ಹಿಂದೆ ನಿಂತು "ಮುಗದರ? ಮುಗದರ?" ಎಂದು ಎಷ್ಟು ಸಲ ಕೇಳಿದರೆಂದರೆ, ಭಟ್ಟರು ಸೌಟನ್ನು ಅವರ ಕೈಗೇ ಕೊಟ್ಟು ಮನೆಗೆ ನಡೆದರು.

ಇಂಥವರು ಕಾಲೇಜಿನ ಮುಖ್ಯಸ್ಥರು ಹೇಗಾದರು? ಯುದ್ಧ ಮುಗಿದ ಮೇಲೆ ಊರ ಹಿರಿಯರು ಹೊಸ ಕಾಲೇಜು ತೆಗೆದರು. "ಪಾಠಾ ಹೇಳವ್ರು ಬೇಕಾದಷ್ಟು ಮಂದಿ ಅದಾರ, ನಡಸವ್ರು ಬೇಕು" ಅಂದರು. ಕಾಕಾ ಖಜೂರದ ಚೀಲಗಳ ಮೇಲೆ ಕೂತು ಓದಿ ಎಂ.ಎ. ಮುಗಿಸಿದ್ದರು. ಅಲ್ಲಿಗೆ ತೀರಿತು. ಅಧಿಕಾರಕ್ಕೆ ಬಂದ ಮೊದಲ ದಿನವೇ ಅವರು ಹೊರಡಿಸಿದ ಹುಕುಂ: ಪ್ರತಿಯೊಬ್ಬ ಪ್ರಾಧ್ಯಾಪಕರಿಗೂ ಇನ್ನೊಬ್ಬರು ಬದಲಿ ತಯಾರಿರಬೇಕು. ರಸಾಯನಶಾಸ್ತ್ರದ ಬದಲಿ ಸಂಸ್ಕೃತದ ಶಾಸ್ತ್ರಿಗಳ ಪಾಲಿಗೆ ಬಂತು.

"ಸಾಹೇಬ್ರ, ನನಗ ರಸಾಯನ ಬರೂದಿಲ್ರಿ."

"ಆ ಮಾಸ್ತರಿಗೆ ಜ್ವರ ಬಂದರ?"

"ಬಂದರ ಅವರಿಗೆ ಔಷಧಾ ಕೊಡ್ರಿ. ನನಗ್ಯಾಕ ಶಿಕ್ಷಾ?"

ಮರುವಾರ ಆ ಮಾಸ್ತರಿಗೆ ಜ್ವರ ಬಂದೇ ಬಂತು. ಶಾಸ್ತ್ರಿಗಳು ಕಚ್ಚೆ ಬಿಗಿದುಕೊಂಡು ಒಳಗೆ ಹೋಗಿ, ಎರಡು ಶೀಸೆ ಒಡೆದು, ಶಾಂತಿಮಂತ್ರ ಹೇಳಿ ತಾಸು ಮುಗಿಸಿದರು. ಕಾಕಾಗೆ ಪರಮ ಸಂತೋಷ. ವರ್ಗ ಖಾಲಿ ಹೋಗಲಿಲ್ಲವಲ್ಲ!

ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಬಂದಬಂದವರಿಗೆಲ್ಲ ಕೇಳುತ್ತಿದ್ದರು, "ಊಟ ಆತೇನು?" ಇಲ್ಲವೆಂದವನ ಕೈಗೆ ಕೋಟಿನ ಕಿಸೆಯಿಂದ ಒಂದು ಮುಷ್ಟಿ ಶೇಂಗಾ ಬೀಳುತ್ತಿತ್ತು. ಅದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅವರಿಗೆ ಕೇಳಿ ನೋಡಿ. "ಆತು, ಆತು." ಸೈನ್ಯದಿಂದ ತಿರುಗಿ ಬಂದ ಮೇಲೆ ನಮ್ಮಲ್ಲಿ ಒಂದು ಕಪ್ ಚಹಾದ ಹೊರತು ಏನನ್ನೂ ಮುಟ್ಟಿರಲಿಲ್ಲ. ಅಜ್ಜಿಯೂ ಒತ್ತಾಯ ಮಾಡುತ್ತಿರಲಿಲ್ಲ. ಚಹಾ ಇಟ್ಟು, ಮುಖ ತಿರುಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಇಬ್ಬರಿಗೂ ಏನೋ ಹಳೆಯ ಜಗಳವಿರಬೇಕೆಂದು ನಾನು ತಿಳಿದಿದ್ದೆ.

ಈಗ ನನ್ನ ಸಂಕಟ ಕೇಳಿ. ನಾನು ಆ ಕಾಲೇಜಿನಲ್ಲಿ ಮೊದಲ ವರ್ಷದಲ್ಲಿದ್ದೆ. ಕಾಲೇಜಿಗೆ ಇನ್ನೂ ಕಾಯಂ ಮಾನ್ಯತೆ ಸಿಕ್ಕಿರಲಿಲ್ಲ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಜನರಲ್ ಅದಾರಂತ ಕಳಸೇನಿ. ಆ ಕಾಲೇಜು ಮುಚ್ಚಿದರ ನಿನ್ನ ಓದೂ ಮುಗೀತು. ಬೆಳಗಾವಿಯವರಿಗೆ ಹೂಂ ಅಂತೇನಿ." ಬೆಳಗಾವಿಯ ವರನಿಗೆ ತಬಲಾ ಬಾರಿಸುವ ಹವ್ಯಾಸವಿತ್ತು, ಹೊಟ್ಟೆಯೂ ತಬಲಾದಂತೆಯೇ ಇತ್ತು. ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುತ್ತದೆಂದು ತಿಳಿದ ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಯಾವ ದಿನ ಅನುಕೂಲ ಎಂದು ಸಮಿತಿಯವರು ಕೇಳಿದ್ದರು. ಕಾಕಾ ಗುರುವಾರ ಎಂದು ತಿಳಿಸಿದ್ದರು. ದೊಡ್ಡ ಕೆಲಸವನ್ನೆಲ್ಲ ಅವರು ಗುರುವಾರವೇ ಮಾಡುವುದು.

ಬುಧವಾರ ಸಂಜೆ ಅಜ್ಜಿ ಒಲೆ ಸಾರಿಸುತ್ತ, "ನಾಳೆ ಏಕಾದಶಿ, ಒಲಿ ಹಚ್ಚಂಗಿಲ್ಲ" ಅಂದಳು. ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಹುಡುಗರು ವಾರದ ಊಟದವರು. ಏಕಾದಶಿಯ ದಿನ ವಾರದ ಮನೆಗಳಲ್ಲಿ ಅಡುಗೆಯೇ ಇಲ್ಲ. ಕೆಲವರು ಹಿಂದಿನ ಸಂಜೆಯೇ ತಮ್ಮ ತಮ್ಮ ಊರ ಹಾದಿ ಹಿಡಿಯುವರು, ಉಳಿದವರು ನೀರು ಕುಡಿದು ಖೋಲಿಯಲ್ಲಿ ಮಲಗುವರು. ಸಮಿತಿ ಬಂದು ನೋಡುವುದೇನು, ವರ್ಗಗಳಲ್ಲಿ ಕೂಡುವವರಿಲ್ಲದ ಖಾಲಿ ಬಾಕುಗಳನ್ನೇ?

ಓಡಿದೆ. ಕಾಕಾ ಕಾಲೇಜಿನಲ್ಲಿ ಹೆಚ್ಚುವರಿ ಕುರ್ಚಿಗಳನ್ನು ಒರೆಸುತ್ತಿದ್ದರು.

"ಕಾಕಾ, ನಾಳೆ ಏಕಾದಶಿರಿ."

ಅವರ ಕೈಯಿಂದ ಅರಿವೆ ಕೆಳಗೆ ಬಿತ್ತು. "ಮೂವತ್ತು ವರ್ಷ ಸೈನ್ಯದಾಗ ಏಕಾದಶಿ ಅನ್ನೂದು ಬರಲೇ ಇಲ್ಲ ನೋಡವಾ" ಅಂದರು. "ವಾರದ ಊಟಾ ಉಂಡು ಬೆಳದಾಂವ ನಾನು. ನಾನಽ ಮರತೆ."

ನಾಳೆ ಕಾಲೇಜಿನಲ್ಲೇ ಉಪ್ಪಿಟ್ಟಿನ ಫಲಾಹಾರ, ಯಾರೂ ಊರಿಗೆ ಹೋಗಬೇಡಿರೆಂದು ಖೋಲಿ ಖೋಲಿಗೂ ಹೇಳಿಕಳಿಸಿದರು. ರವೆ ಅವರ ಚೀಲಗಳಲ್ಲಿತ್ತು, ಶೇಂಗಾ ಇತ್ತು, ಎಣ್ಣೆ ಇತ್ತು. ಮಾಡುವವರು? ಮಾಳಮಡ್ಡಿಯ ಭಟ್ಟರನ್ನೆಲ್ಲ ಕೇಳಿ ಬಂದರು. ಏಕಾದಶಿಯ ದಿನ ಅಷ್ಟು ಮಂದಿಗೆ ಒಲೆ ಹಚ್ಚಲು ಒಬ್ಬರೂ ಒಪ್ಪಲಿಲ್ಲ. ಮದುವೆಮನೆಯ ಆ ಭಟ್ಟರಂತೂ ಬಾಗಿಲನ್ನೇ ತೆಗೆಯಲಿಲ್ಲ. ಜಗತ್ತಿನ ಎಲ್ಲದಕ್ಕೂ ಒಂದು ಬದಲಿ ಇಟ್ಟಿದ್ದ ಮನುಷ್ಯನ ಬಳಿ ಅಡುಗೆಯವರು ಮಾತ್ರ ಇರಲಿಲ್ಲ.

ಕೊನೆಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತರು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಅಜ್ಜಿ ಹೊರಗೆ ಬಂದಳು.

"ರವಾ ಅದನೋ?"

"ಅದರಿ, ಅವ್ವಾರ."

"ಹಂಗಾರ ಕಾಲೇಜಿನ ಹಿತ್ತಲದಾಗ ಕಟ್ಟಿಗಿ ಹಾಕಸು. ನಸುಕಿನ್ಯಾಗ ಬರತೇನಿ."

ಅಪ್ಪ ಗಾಬರಿಯಾದರು. "ಅವ್ವಾ, ನಾಳೆ ನಿನಗ ಏಕಾದಶಿ."

"ಏಕಾದಶಿ ನಂದು. ಹಸಿವಿ ಅವರದು."

ಮರುದಿನ ಅಜ್ಜಿ ಹನಿ ನೀರು ಕುಡಿಯದೆ ಹೊಗೆಯಲ್ಲಿ ನಿಂತು ಉಪ್ಪಿಟ್ಟು ತಿರುವಿದಳು. ಕಾಕಾ ಉಪ್ಪಿಟ್ಟಿನ ಪಾತೇಲಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ತಡೆಯಲಾಗದೆ ಕೇಳಿಯೇಬಿಟ್ಟರು, "ಅವ್ವಾರ, ಮುಗದರ?"

"ಮುಗದರ ಮತ್ತ ಮಾಡತೇನಿ. ಹಿಂದ ಸರಿ."

ಕಾಕಾ ಹಿಂದೆ ಸರಿದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಸಮಿತಿಯವರು ಬಂದರು. ಬಾಕುಗಳೆಲ್ಲ ತುಂಬಿದ್ದವು, ಹುಡುಗರ ಮುಖದಲ್ಲಿ ಕಳೆ ಇತ್ತು. ಪ್ರಯೋಗಶಾಲೆಯ ಬಾಗಿಲಲ್ಲಿ ಶಾಸ್ತ್ರಿಗಳು, ರಸಾಯನದ ಮಾಸ್ತರು ಕೆಮ್ಮಿದಾಗಲೆಲ್ಲ ಬೆವರುತ್ತ ನಿಂತಿದ್ದರು. ನನ್ನ ವರ್ಗದಲ್ಲಿ ಸಮಿತಿಯವರು ಏನು ಕೇಳಿದರು, ಯಾರು ಏನು ಹೇಳಿದರು, ದೇವರಾಣೆಗೂ ನೆನಪಿಲ್ಲ. ಕಿವಿಯಲ್ಲಿ ಬರೀ ತಬಲಾ. ಹೊರಡುವಾಗ ಹಿರಿಯ ಸದಸ್ಯರು ಕಾಕಾನ ಕೈ ಹಿಡಿದು, ಮಾನ್ಯತೆಗೆ ಶಿಫಾರಸು ಮಾಡುತ್ತೇವೆ ಎಂದರು. ಅಪ್ಪ ಬೆಳಗಾವಿಯವರಿಗೆ ಹೂಂ ಅನ್ನಲಿಲ್ಲ.

ಸಂಜೆ ಕಾಕಾ ಸುದ್ದಿ ಹೇಳಲು ಮನೆಗೆ ಬಂದರು. ಅಜ್ಜಿ ಎಲ್ಲ ಕೇಳಿದಳು. ಆಮೇಲೆ, "ಊಟ ಆತೇನು?" ಅಂದಳು.

"ಆತು, ಆತು."

"ಸುಳ್ಳ ಹೇಳಬ್ಯಾಡ. ಎಲ್ಲಾರಿಗೂ ನಾನಽ ಬಡಸೇನಿ. ನೀ ಒಬ್ಬಾಂವ ಕೂತಿಲ್ಲ."

ಒಳಗೆ ಹೋಗಿ ಮಣೆ ಹಾಕಿದಳು. ಬೆಳಗಿನ ಉಪ್ಪಿಟ್ಟು ಮುಚ್ಚಿಟ್ಟಿದ್ದ ತಾಟನ್ನು ತಂದು ಅದರ ಮುಂದೆ ಇಟ್ಟಳು. ಅವಳ ದನಿ ಮೆತ್ತಗಾಗಿತ್ತು.

"ಮುಂದಿನ ವಾರ ನೋಡೋಣ ಅಂದಿದ್ದೆ. ನೀ ಬರಲೇ ಇಲ್ಲ. ಪ್ರತಿ ಗುರುವಾರ ಬಾಗಲಾ ನೋಡೇನಿ. ಇವತ್ತೂ ಗುರುವಾರ ಅದ. ಕೂಡು."

ನಮ್ಮ ಜನರಲ್ ಬೂಟು ಕಳಚಿ, ಕಾಲು ತೊಳೆದು ಬಂದು, ಮಣೆಯ ಮೇಲೆ ಕೂತರು. ತಲೆ ಬಗ್ಗಿಸಿ ಉಂಡರು. ಉಪವಾಸದ ಅಜ್ಜಿ ಎದುರಿಗೆ ಕೂತು ನೋಡುತ್ತಿದ್ದಳು. ತಾಟು ಖಾಲಿಯಾಯಿತು. ಇನ್ನೂ ಇದೆಯೋ, ಮುಗಿಯಿತೋ ಎಂದು ಅವರು ಕೇಳಲಿಲ್ಲ. ತಾಟನ್ನು ಸುಮ್ಮನೆ ಮುಂದೆ ಸರಿಸಿದರು.

"ಇನ್ನೊಂದು ಸ್ವಲ್ಪ ಹಾಕ್ರಿ, ಅವ್ವಾರ."