ನಾನೇ ಹೇಳಿದ ಇಪ್ಪತ್ತೊಂದು ಉತ್ತರಗಳು

ಮಾಸ್ತರನಾದವನಿಗೆ ಮಕ್ಕಳ ಗದ್ದಲದ ಭಯವಿಲ್ಲ. ತಪಾಸಣೆಗೆ ಬರುವ ಸಾಹೇಬರ ಭಯವೂ ಅಷ್ಟಕ್ಕಷ್ಟೆ. ಅವರ ಸುದ್ದಿ ಜೀಪಿಗಿಂತ ಮೊದಲೇ ಶಾಲೆ ಮುಟ್ಟಿರುತ್ತದೆ. ನಿಜವಾದ ಭಯವೆಂದರೆ, ತನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಇನ್ನೊಬ್ಬ ಮಾಸ್ತರು ನೋಟ್‌ಬುಕ್ ಹಿಡಿದು ಕೂರುವುದು. ಅನುಭವದಿಂದ ಹೇಳುತ್ತಿದ್ದೇನೆ. ಆ ದಿನ ನನ್ನ ಕೈಯಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು.

ನಮ್ಮ ಶಾಲೆ ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ಮಗ್ಗುಲಲ್ಲೇ ಇದೆ. ಅಲ್ಲಿ ನಾನು ಇಪ್ಪತ್ತೇಳು ವರ್ಷದಿಂದ ಗಣಿತದ ಮಾಸ್ತರ. ಹೊಸದಾಗಿ ವರ್ಗವಾಗಿ ಬಂದ ಮುಖ್ಯಗುರುಗಳು ಸಂಗಮ್ಮ ಮೇಡಂ, ವಾರಕ್ಕೊಮ್ಮೆ ಒಬ್ಬರ ಪಾಠ ಇನ್ನೊಬ್ಬರು ಕೂತು ನೋಡಬೇಕು ಎಂದರು. ಎಲ್ಲರೂ ಹಿರಿಯನಾದ ನನ್ನ ಮುಖ ನೋಡಿದರು. ನಾನು ಕೆಮ್ಮಿ, "ಈ ವಯಸ್ಸಿನಾಗ ನನ್ನ ಪರೀಕ್ಷಾ ತಗೋತೀರೇನ್ರಿ ಮೇಡಂ?" ಅಂದೆ.

"ಇಲ್ರಿ ಸರ್. ಮೊದ್ಲು ನೀವೆಲ್ಲಾ ಸೇರಿ ನಂದು ತಗೋರಿ."

ಮರುದಿನ ಅವರ ಕನ್ನಡ ಪಾಠಕ್ಕೆ ನಾವೆಲ್ಲ ಹೋಗಿ ಕೂತೆವು. ಆ ವರ್ಷವೇ ನೌಕರಿಗೆ ಸೇರಿದ್ದ ರೇಣುಕಾ, 'ಮೇಡಂ ಮುಂದಿನ ಬೆಂಚಿನ ಮೂರು ಮಕ್ಕಳನ್ನು ಬಿಟ್ಟು ಯಾರನ್ನೂ ಎಬ್ಬಿಸಿ ಪ್ರಶ್ನೆ ಕೇಳಲಿಲ್ಲ' ಎಂದು ಬರೆದಳು. ಮೇಡಂ ಅದನ್ನು ಚಹಾದ ಹೊತ್ತಿಗೆ ತಾವೇ ಗಟ್ಟಿಯಾಗಿ ಓದಿ, "ಖರೇ ಅದ. ನನಗ ಗೊತ್ತೇ ಇರಲಿಲ್ಲ ನೋಡ್ರಿ" ಎಂದು ನಕ್ಕರು. ಅಲ್ಲಿಗೆ ನಾವೂ ಒಪ್ಪಿ ಇಬ್ಬಿಬ್ಬರ ಜೋಡಿ ಮಾಡಿಕೊಂಡೆವು.

ನನಗೆ ಜೋಡಿಯಾದವಳು ಅದೇ ರೇಣುಕಾ. ಮೊದಲು ನಾನು ಅವಳ ಪಾಠಕ್ಕೆ ಹೋದೆ. ಮದುವೆ ಊಟದಲ್ಲಿ ಉಪ್ಪು ಕಡಿಮೆ ಎನ್ನಲೆಂದೇ ಕೂತ ಬೀಗರ ಹಾಗೆ ಕೂತಿದ್ದೆ. ಹಾಜರಿ ಹಾಕುವಾಗ ಅವಳು ಬಾರದ ಏಳು ಮಕ್ಕಳ ಮೇಲೆ ಸಿಡಿಮಿಡಿಗೊಂಡಳು. ಆಮೇಲೆ ಹೇಳಿದೆ: "ಅವರಾಗ ಐದು ಮಂದಿ ಹೊಲಕ್ಕ ಇವತ್ತ ನೀರಿನ ಪಾಳಿ ಅದವ್ವ, ನೀರು ಕಟ್ಟಾಕ ಹೋಗ್ಯಾರ. ಕಾಲುವಿಗಿ ನೀರು ಬಿಟ್ಟಾಗ ಯಾರ ಪಾಳಿ ಯಾವತ್ತು ಅಂತ ಮೊದ್ಲೇ ಕೇಳಿಟ್ಕೋಬೇಕು. ಆ ದಿನದ ಅಭ್ಯಾಸ ಹಿಂದಿನ ದಿನಾನೇ ಕೊಟ್ಟು ಕಳಿಸು." ಅವಳು ಅದನ್ನು ಬರೆದುಕೊಂಡಳು. ನನ್ನ ಎದೆ ಎರಡು ಅಂಗುಲ ಉಬ್ಬಿತು.

ಉಬ್ಬಿದ್ದು ಮುಂದಿನ ಮಂಗಳವಾರ ಇಳಿಯಿತು. ನನ್ನ ನಲವತ್ತು ನಿಮಿಷದ ಪಾಠವನ್ನು ಕೊನೆಯ ಬೆಂಚಿನಲ್ಲಿ ಕೂತು ನೋಡಿದ ಮೇಲೆ ರೇಣುಕಾ ಮೆಲ್ಲಗೆ ಅಂದಳು: "ಸಿಟ್ಟಾಗಬ್ಯಾಡ್ರಿ ಸರ್. ಇಪ್ಪತ್ಮೂರು ಪ್ರಶ್ನಿ ಕೇಳಿದ್ರಿ. ಇಪ್ಪತ್ತೊಂದಕ್ಕ ನೀವೇ ಉತ್ತರ ಹೇಳಿದ್ರಿ."

"ಉಳಿದೆರಡು?"

"ಒಂದು, 'ತಿಳೀತೇನು?' ಎಲ್ಲಾರೂ ಹೌದ್ರಿ ಅಂದ್ರು. ಇನ್ನೊಂದು, 'ಗಂಟಿ ಆತೇನು?'"

ಒಂದು ಪಾಠಕ್ಕೆ ಇಷ್ಟಾದರೆ ಇಪ್ಪತ್ತೇಳು ವರ್ಷಕ್ಕೆ ಎಷ್ಟು? ಗಣಿತದ ಮಾಸ್ತರನಾಗಿಯೂ ಆ ಒಂದು ಲೆಕ್ಕ ಮಾಡುವ ಧೈರ್ಯ ನನಗಾಗಲಿಲ್ಲ. ನಾನು ಇಷ್ಟು ವರ್ಷ ಕಲಿಸಿದ್ದು ಯಾರಿಗೆ, ಮಕ್ಕಳಿಗೋ ನನಗೋ?

"ಪ್ರಶ್ನಿ ಕೇಳಿ ಮನಸ್ಸಿನಾಗ ಹತ್ತು ಎಣಿಸ್ರಿ ಸರ್" ಎಂದು ಅವಳೇ ಮದ್ದು ಹೇಳಿದಳು.

ಮರುವಾರ ಅವಳು ಮತ್ತೆ ಅದೇ ಬೆಂಚಿನಲ್ಲಿ ಕೂತಳು. ನಾನು ಕೇಳಿದೆ: ಕಾಲುವೆಯ ನೀರು ಒಂದು ಎಕರೆಗೆ ಹಾಯಲು ಎರಡು ತಾಸು ಬೇಕಾದರೆ, ಮೂರು ಎಕರೆಗೆ ಎಷ್ಟು ತಾಸು? 'ಆರು' ಎಂಬುದು ನನ್ನ ತುಟಿಯವರೆಗೆ ಬಂತು. ಕಚ್ಚಿ ಹಿಡಿದೆ. ಏಳು ಎಣಿಸಿದೆ, ಎಂಟು ಎಣಿಸಿದೆ. ಒಂಬತ್ತಕ್ಕೆ ಗೋಡೆಯ ಹತ್ತಿರ ಭೀಮವ್ವ ಎದ್ದು ನಿಂತಳು. ಮೂರು ವರ್ಷದಲ್ಲಿ ಅವಳು ನನ್ನೆದುರು ಆಡಿದ್ದ ಮಾತು 'ಹಾಜರ್ರಿ' ಒಂದೇ. ಅವಳ ಪ್ರಗತಿಪತ್ರದಲ್ಲಿ 'ಗಣಿತದಲ್ಲಿ ಮಂದ' ಎಂದು ಬರೆದವನು ನಾನೇ.

"ಪುಸ್ತಕದಾಗ ಆರು ತಾಸು ರೀ ಸರ್. ನಮ್ಮ ಮೂರೆಕರೆ ಹೊಲಕ್ಕ ಅಷ್ಟರಾಗ ಆಗಂಗಿಲ್ಲ. ನಮ್ದು ಕಾಲುವಿ ಕೊನಿಗಿ ಅದ, ಅರ್ಧಾ ನೀರಷ್ಟೇ ಬರ್ತದ. ಹನ್ನೆರಡು ತಾಸು ಬೇಕು."

ನೀರು ಅರ್ಧವಾದರೆ ಹೊತ್ತು ಎರಡು ಪಟ್ಟು: ಅದು ನಾನು ಮುಂದಿನ ತಿಂಗಳು ಕಲಿಸಬೇಕಿದ್ದ ಪಾಠ. ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಪಾಠದ ನಡುವೆ ಕೂತದ್ದು ಅದೇ ಮೊದಲು.

ಸಂಜೆ ಮೇಡಂ ಬಳಿ ಹೋಗಿ, ನಡೆದದ್ದೆಲ್ಲ ಹೇಳಿ, ಭೀಮವ್ವನ ಆ ಪ್ರಗತಿಪತ್ರ ಕೇಳಿದೆ. ಅವರು ತಮ್ಮ ಕೆಂಪು ಪೆನ್ನೂ ಕೊಟ್ಟರು. 'ಮಂದ' ಎಂಬುದರ ಮೇಲೆ ಗೆರೆ ಎಳೆದು ಸಹಿ ಮಾಡಿ, "ಹಂಗಾದ್ರ ಮಂದ ಯಾರ್ರಿ ಮೇಡಂ?" ಅಂದೆ.

"ನೀವೇ ಉತ್ತರ ಹೇಳಬ್ಯಾಡ್ರಿ ಸರ್, ಹತ್ತು ಎಣಿಸ್ರಿ" ಅಂದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ, ಇಪ್ಪತ್ತೊಂದನ್ನೂ ಬಿಡದೆ, ಹೇಳಿದೆ. "ಇನ್ನ ಮ್ಯಾಲ ಕೇಳಿ ಸುಮ್ಮನ ಕಾಯ್ತೀನಿ. ಹೆಂಗದ, ಚಲೋ ಅದ ಅಲ್ಲ? ಚಲೋನೇ ಅದ ಬಿಡು" ಅಂದೆ.

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಅಂದಳು: "ಇಪ್ಪತ್ತೆರಡು."