ದೀಪ ಹಚ್ಚಿದ ಮೇಲೆ ಹೆಪ್ಪು

ಮೊಮ್ಮಗಳು ಏನು ಓದುತ್ತಾಳೆಂದು ಒಂದೇ ಮಾತಿನಲ್ಲಿ ಹೇಳಲಾಗದ ಅಜ್ಜನಿಗೆ ಬಸ್ ನಿಲ್ದಾಣದಲ್ಲಿ ಮರ್ಯಾದೆ ಕಡಿಮೆ. ಡಾಕ್ಟರು, ಇಂಜಿನಿಯರು ಎಂದರೆ ಕೇಳಿದವರು ತಲೆಯಾಡಿಸಿ ಬಸ್ಸು ಹತ್ತುತ್ತಾರೆ. ನಮ್ಮ ಶಿಲ್ಪಾ ಹೈದರಾಬಾದಿನಲ್ಲಿ ಓದುವುದು ಅನ್ವಯಿಕ ಜೀವವಿಜ್ಞಾನ. ಜಹೀರಾಬಾದಿನ ನಿಲ್ದಾಣದಲ್ಲಿ ನಾರಾಯಣಖೇಡದ ಬೀಗರೊಬ್ಬರು, ತೊಗರಿ ವ್ಯಾಪಾರಿಗಳು, ವಿಚಾರಿಸಿದರು.

"ಡಾಕ್ಟರಕಿ ಏನ್ರಿ?"

"ಅಲ್ರಿ. ಕಣ್ಣಿಗಿ ಕಾಣಲಾರ್ದ ಜೀವಿ ಸಾಕಿ, ಅವುಕಡಿಂದ ಕೆಲಸ ತಗೋಳೋದ್ರಿ."

"ಕಾಣಂಗಿಲ್ಲ ಅಂದ್ರ ಹಾಜರಿ ಹ್ಯಾಂಗ್ ತಗೋತಾರ್ರಿ?"

ಹಾಜರಿ ಪುಸ್ತಕದಲ್ಲೇ ಆಯುಷ್ಯ ಕಳೆದು ಹೆಡ್ ಮಾಸ್ತರನಾಗಿ ನಿವೃತ್ತನಾದವನು ನಾನು. ಈ ಓದಿನಿಂದ ಯಾವ ನೌಕರಿ ಸಿಗುತ್ತದೆಂದು ಶಿಲ್ಪಾಳಿಗೆ ಫೋನು ಮಾಡಿ ಕೇಳಿದೆ. ಔಷಧ ಕಂಪನಿ, ಬೀಜ ಪರೀಕ್ಷೆ, ಡೇರಿ ಎನ್ನುತ್ತಾ ಹೋದಳು. "ಹಾಲು ಹಿಂಡಾಕ ಎಂ.ಎಸ್ಸಿ. ಬೇಕೇನವ್ವ?" ಎಂದೆ. ಫೋನು ಇಟ್ಟಳು.

ಕಳೆದ ತಿಂಗಳು ಒಂದು ಸಂಜೆ ಅವಳೇ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಐಸ್ ಪೆಟ್ಟಿಗೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಳೆಯ ಮನೆಗಳ ಮೊಸರಿನ ಹೆಪ್ಪು ಬೇಕಂತೆ. ಅದರಲ್ಲಿ ನಮ್ಮ ಬಿಸಿಲಿಗೆ ಬಗ್ಗದ ಜೀವಿಯೊಂದನ್ನು ಹುಡುಕುತ್ತಿದ್ದಾಳೆ. ತಾಂಡೂರಿನಿಂದ ಒಯ್ದ ಹೆಪ್ಪು ಲ್ಯಾಬಿನಲ್ಲಿ ಕರೆಂಟು ಹೋಗಿ ಕೆಟ್ಟಿತ್ತು. ಮರುದಿನ ಮಧ್ಯಾಹ್ನದೊಳಗೆ ಬೇರೆಯದು ಲ್ಯಾಬಿಗೆ ಮುಟ್ಟದಿದ್ದರೆ ಈ ವರ್ಷ ಪದವಿಯಿಲ್ಲ. ನನ್ನ ಹೆಂಡತಿ ಮದುವೆಯಾಗಿ ಬರುವಾಗ ಪೆದ್ದೆಮುಲ್‌ನ ತವರಿನಿಂದ ತಂದ ಹೆಪ್ಪು ಅಂದಿನವರೆಗೂ ಒಂದು ದಿನವೂ ತಪ್ಪದೆ ಮೊಸರಾಗುತ್ತಾ ಬಂದಿತ್ತು.

"ಆಯಿ, ಒಂದ್ ಚಮಚ ಹೆಪ್ಪು ಕೊಡು," ಎಂದು ಶಿಲ್ಪಾ ಅಜ್ಜಿಯನ್ನು ಕೇಳಿದಳು.

"ದೀಪ ಹಚ್ಚೀನಿ. ಈಗ ಹೆಪ್ಪು ಕೊಡಬಾರ್ದು."

"ನಾ ಏನ್ ಹೊರಗಿನಾಕೀನಾ?"

"ನೀ ಮನಿಯಾಕಿ. ನಿನ್ನ ಡಬ್ಬಿ ಹೊರಗಿಂದು. ಮುಂಜಾನಿ ತಗೋ."

ಮೊಮ್ಮಗಳು ಬಂದಳೆಂದು ಹಾಲೆಲ್ಲ ಶಾವಿಗೆ ಪಾಯಸಕ್ಕೆ ಹೋಯಿತು. ಮೊಸರಿಗಿಡಲು ತೊಟ್ಟೂ ಉಳಿಯಲಿಲ್ಲ. ಹೆಪ್ಪೆಂದರೆ ಅಡುಗೆಕಟ್ಟೆಯ ಮೇಲಿನ ಬಟ್ಟಲ ತಳದಲ್ಲಿದ್ದ ಚಮಚದಷ್ಟೇ.

ಇನ್ನು ನನ್ನ ಶಿಸ್ತು. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವನು. ಬೆಳಗಾದೊಡನೆ ಅಡುಗೆಕಟ್ಟೆಯ ಮೇಲಿರುವ ಎಂಜಲು ಪಾತ್ರೆಗಳಿಗೆ ಕುದಿಯುವ ನೀರು ಸುರಿದು, ತಿಕ್ಕಿ, ಬೋರಲು ಹಾಕುವುದು ನನ್ನ ಪಾಲಿನ ಕೆಲಸ. ಅಂದೂ ಮಾಡಿದೆ, ಮೊಮ್ಮಗಳು ಬಂದಿದ್ದಾಳೆಂದು ಇನ್ನಷ್ಟು ಚೆನ್ನಾಗಿ.

"ರೀ, ಹೆಪ್ಪಿನ ಬಟ್ಟಲ ಎಲ್ಲದ?"

ಹೊಳೆಯುತ್ತಿದ್ದ ಬಟ್ಟಲನ್ನು ಹೆಮ್ಮೆಯಿಂದ ತೋರಿಸಿದೆ.

"ನಮ್ಮವ್ವನ ಹೆಪ್ಪು ತೊಳದ್ರೀ?" ಎಂದಳು. ಶಿಲ್ಪಾ ಐಸ್ ಪೆಟ್ಟಿಗೆ ಮುಚ್ಚಿ ಅದರ ಮೇಲೆಯೇ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಎದುರುಮನೆಗೆ ನಡೆದಳು. ಖಾಲಿ ಬಟ್ಟಲು ಹಿಡಿದು ನಾನು ಹಿಂದೆ. ಅಲ್ಲಿನ ಮಲ್ಲಮ್ಮನದು ಕುರಿ ಸಾಕುವ ಮನೆ. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಹೆಂಡತಿಯೇ ತನ್ನ ತವರಿನ ಹೆಪ್ಪು ಕೊಟ್ಟಿದ್ದಳು.

"ಹಗಲಾಗ ಕೊಟ್ಟಿದ್ರಿ ಅಲ್ರೀ ಅಕ್ಕಾ, ಅದಕ್ಕ ಉಳದದ," ಎಂದು, ನಡೆದದ್ದು ಕೇಳಿದ ಮಲ್ಲಮ್ಮ ಗಟ್ಟಿ ಮೊಸರು ತೆಗೆದು ಬಟ್ಟಲಿಗೆ ಹಾಕಿದಳು. ಅದನ್ನು ಹೆಂಡತಿಗೆ ಕೊಡುತ್ತಾ, "ಮಾಸ್ತರ್ ಕೈಯಾಗ ಮಾತ್ರ ಕೊಡಬ್ಯಾಡ್ರಿ" ಎಂದಳು.

ಶಿಲ್ಪಾಳನ್ನು ಬಸ್ಸಿಗೆ ಹತ್ತಿಸಲು ನಾನೇ ಹೋದೆ. ದಾರಿಯುದ್ದಕ್ಕೂ ಅವಳ ಬಟ್ಟೆಯ ಚೀಲ ನನ್ನ ಕೈಯಲ್ಲಿತ್ತು. ಐಸ್ ಪೆಟ್ಟಿಗೆ ಮುಟ್ಟಗೊಡಲಿಲ್ಲ. ಸೀಟು ಹಿಡಿದ ಮೇಲೆ ಕಿಟಕಿಯಿಂದ ನಕ್ಕಳು.

"ಮುತ್ಯಾ, ನೌಕರಿ ಏನ್ ಸಿಗ್ತದ ಅಂತ ಕೇಳ್ತಿದ್ದಿಲ್ಲ? ಪಾತ್ರಿ ಕುದಿಸಿ, ಒಂದ್ ಜೀವಿನೂ ಉಳಿಲಾರ್ದಂಗ ಮಾಡೋ ಜಾಗಾ ನಮ್ಮ ಲ್ಯಾಬಿನ್ಯಾಗ ಖಾಲಿ ಅದ. ಬರ್ತಿ ಏನು?"

ಬಸ್ಸು ಹೊರಟಿತು. ತಿರುಗಿದರೆ ನಾರಾಯಣಖೇಡದ ಬೀಗರು.

"ಮೊಮ್ಮಗಳಿಗಿ ನೌಕರಿ ಸಿಕ್ತೇನ್ರಿ?"

"ಆಕಿಗಿನ್ನೂ ಇಲ್ರಿ," ಎಂದೆ. "ನನಗ ಬಂದದ."