ಮೂರು ಬಾಲದ ಹುಳುಗಳೂ ಮಾವನ ಹೊಸ ಕನ್ನಡಕವೂ

ನನ್ನ ಮಾವ, ಅಂದರೆ ಅಮ್ಮನ ಅಣ್ಣ, ಯಾವ ಊರಿನ ಮದುವೆಗೆ ಹೋದರೂ ಮೊದಲು ಕಾಲಿಡುವುದು ಚಪ್ಪರಕ್ಕಲ್ಲ, ಆ ಊರಿನ ತೋಡಿಗೆ! ಪಂಚೆ ಎತ್ತಿ ಕಟ್ಟಿ, ನೀರಿಗಿಳಿದು, ನಾಲ್ಕು ಕಲ್ಲು ಮಗುಚಿ ನೋಡದಿದ್ದರೆ ಅವರಿಗೆ ಊಟ ಸೇರದು. ಮೂಡುಬಿದಿರೆಯಿಂದ ನನ್ನನ್ನು ನೋಡಲು ಬಂದ ಹುಡುಗನಲ್ಲಿ ಸಂಬಳ, ಜಾತಕ ಒಂದನ್ನೂ ಕೇಳದೆ, "ನಿಮ್ಮ ತೋಡಿನಲ್ಲಿ ಕಲ್ಲಿನಡಿ ಯಾರೆಲ್ಲ ಇದ್ದಾರೆ?" ಎಂದು ವಿಚಾರಿಸಿದರು. ಹುಡುಗ ಬೆವರು ಒರೆಸಿಕೊಂಡು, "ಯಾರೂ ಇಲ್ಲ" ಎಂದ.

"ಹಾಗಾದರೆ ಆ ನೀರು ಕುಡಿಯಲಿಕ್ಕಾಗದು. ಹುಡುಗಿಯನ್ನು ಹೇಗೆ ಕೊಡುವುದು?"

ಪುಣ್ಯಕ್ಕೆ ಅವನ ಮನೆಯಲ್ಲಿ ಬಾವಿ ಇತ್ತು. ನನಗೆ ಮದುವೆಯಾಯಿತು.

ಮಾವ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವರು. ಮನೆ ನಾರಾವಿಯ ಬಳಿ, ಅಕೇಶಿಯಾ ನೆಡುತೋಪಿನ ಕೆಳಗೆ. ತೋಪಿನೊಳಗಿಂದ ಇಳಿದು ಬರುವ ತೋಡಿಗೆ ಪೈಪು ಇಟ್ಟು ಮನೆಗೆ ನೀರು. ಮೂವತ್ತು ವರ್ಷ ಗಸ್ತು ತಿರುಗಿ ಅವರು ಕಲಿತ ವಿದ್ಯೆ ಇಷ್ಟೆ: ಕಲ್ಲಿನಡಿ ಮೂರು ಬಾಲದ ಪುಟ್ಟ ಹುಳುಗಳಿದ್ದರೆ ಕಣ್ಣು ಮುಚ್ಚಿ ಕುಡಿಯಬಹುದು, ಬರೀ ಕೆಂಪು ಹುಳುಗಳಿದ್ದರೆ ಕಾಲೂ ತೊಳೆಯಬಾರದು. ನೋಡಿದ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು. ನಾನೊಮ್ಮೆ ಅಡಿಮೇಲಾಗಿ ಇಟ್ಟದ್ದಕ್ಕೆ, "ನಿನ್ನ ಮನೆಯ ಮಾಡು ಎತ್ತಿ ನೋಡಿ ಅಂಗಳದಲ್ಲಿ ಬಿಟ್ಟು ಹೋದರೆ ಹೇಗಾಗ್ತದೆ?" ಎಂದು ಬೈದಿದ್ದರು. ಹುಳು ಹಿಡಿಯಲು ಅವರ ಹೆಂಡತಿಯ, ಅಂದರೆ ನನ್ನ ಅತ್ತೆಯ, ಚಾ ಸೋಸುವ ಜಾಲರಿಯೇ ಆಗಬೇಕು! ಅತ್ತೆಯೋ, "ಇವತ್ತಿನ ಚಾದಲ್ಲಿ ಕಾಲು ಸಿಕ್ಕಿದರೆ ನನ್ನನ್ನು ಕೇಳಬೇಡಿ" ಎಂದು ಮೊದಲೇ ಹೇಳಿ ಲೋಟ ಕೊಡುತ್ತಿದ್ದರು.

ಇಂಥ ಮಾವನ ಸೊಸೆ ನಾನು ಉಜಿರೆಯಲ್ಲಿ ನೀರು ಪರೀಕ್ಷಿಸುವ ಲ್ಯಾಬಿಗೆ ಸೇರಿದೆ. ಆ ತೋಪಿನ ತೋಡಿನದೇ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಜಾಗದಿಂದ ನಾಲ್ಕು ಬಾಟಲಿ ನೀರು ತಂದು ವರದಿ ಕೊಡಬೇಕು. ಮಾವನಿಗೆ ಎಷ್ಟು ಹೆಮ್ಮೆ ಅಂತೀರಿ! ಬಸ್ಸಿನಲ್ಲಿ ಪಕ್ಕ ಕೂತವರಿಗೂ, "ನಮ್ಮ ಹುಡುಗಿಯ ಬಾಟಲಿ ಸುಳ್ಳು ಹೇಳುವುದಿಲ್ಲ" ಎನ್ನುತ್ತಿದ್ದರು.

ಈಗ ನಾಚಿಕೆಯ ಭಾಗ. ಕಳೆದ ಮಳೆಗಾಲ ಮುಗಿದ ಮೇಲೆ ನಾನು ನೀರು ತರಲು ಹೋದ ದಿನವೇ ಬಂಟ್ವಾಳದಲ್ಲಿ ಗೆಳತಿಯ ಗೃಹಪ್ರವೇಶ. ಹೊಸ ಸೀರೆ ಉಟ್ಟಿದ್ದೆ. ತೋಪಿನೊಳಗೆ ಜಿಗಣೆ, ಕೆಸರು. ತೋಡು ತೋಪಿಗೆ ಇಳಿಯುವ ಮೊದಲು ರಸ್ತೆಯ ಸಂಕದಡಿ, ಆ ಕಿರುಸೇತುವೆಯಡಿ, ಹಾಯುತ್ತದೆ. ಅಲ್ಲೇ ಬಗ್ಗಿ ನಾಲ್ಕೂ ಬಾಟಲಿ ತುಂಬಿಸಿ, ಒಂದು, ಎರಡು, ಮೂರು, ನಾಲ್ಕು ಎಂದು ಚೀಟಿ ಅಂಟಿಸಿದೆ. ಊಟಕ್ಕೆ ಸಮಯಕ್ಕೆ ಸರಿಯಾಗಿ ಮುಟ್ಟಿದೆ! ವರದಿಯಲ್ಲಿ ನೀರು ಉತ್ತಮ ಎಂದು ಬಂತು. ಬಾರದೆ ಇನ್ನೇನು? ತೋಪಿನ ಒಳಗೆ ಮರ ಕಡಿಯುವವರು ತೋಡಿನ ದಡದಲ್ಲೇ ಬಿಡಾರ ಹೂಡಿ ನೀರು ಹೊಲಸು ಮಾಡಿದ್ದು ಸಂಕದಿಂದ ಕೆಳಗಲ್ಲವೇ?

ವಾರ ಬಿಟ್ಟು ಮಾವ ಫೋನು ಮಾಡಿದರು.

"ಕಲ್ಲಿನಡಿ ಕೆಂಪು ಹುಳ ಮಾತ್ರ ಕಾಣ್ತದೆ ಮಗಾ. ನಿನ್ನ ಬಾಟಲಿ ಏನು ಹೇಳ್ತದೆ?"

"ನೀರು ಒಳ್ಳೆಯದುಂಟು ಮಾವ."

"ನಾಲ್ಕು ಕಡೆಯೂ?"

"ನಾಲ್ಕು ಕಡೆಯೂ."

"ಹಾಗಾದರೆ ನನ್ನ ಕಣ್ಣಿಗೇ ವಯಸ್ಸಾಯ್ತು ಮಾರಾಯ್ತಿ" ಎಂದು ಫೋನಿಟ್ಟರು. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಆಮೇಲಿನ ವಾರ ಅತ್ತೆ ವಾಂತಿಭೇದಿಯಾಗಿ ಬೆಳ್ತಂಗಡಿಯ ಆಸ್ಪತ್ರೆಗೆ ಸೇರಿದರು. ಓಡಿ ಹೋದೆ. ವಾರ್ಡಿನ ಹೊರಗೆ ಬೆಂಚಿನಲ್ಲಿ ಮಾವ ಕೂತಿದ್ದರು. ಮೂಗಿನ ಮೇಲೆ ಹೊಸ ಕನ್ನಡಕ!

"ಮೂಡುಬಿದಿರೆಗೆ ಹೋಗಿ ಕಣ್ಣು ತೋರಿಸಿದೆ. ಇದನ್ನು ಹಾಕಿಕೊಂಡು ತೋಡಿಗೂ ಇಳಿದೆ. ಆದರೂ ಕೆಂಪು ಹುಳವೇ ಕಾಣ್ತದೆ. ಡಾಕ್ಟರರಿಗೆ ನನ್ನ ನಂಬರು ಸರಿ ಸಿಗಲಿಲ್ಲವೋ ಏನೋ!"

ನಾನು ಬೆಂಚಿನಲ್ಲಿ ಅವರ ಪಕ್ಕ ಕೂತೆ. ಸಂಕ, ಸೀರೆ, ಊಟ, ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕನ್ನಡಕ ತೆಗೆದು, ಮಡಚಿ, ಕಿಸೆಗೆ ಹಾಕಿಕೊಂಡರು. ಮರುದಿನ ನಾನು ತೋಪಿಗಿಳಿದು ನಿಜವಾದ ನಾಲ್ಕು ಬಾಟಲಿ ತಂದದ್ದು, ಹಳೆಯ ವರದಿ ಸುಳ್ಳೆಂದು ಬರೆದುಕೊಟ್ಟದ್ದು, ಬಿಡಾರ ದಡ ಬಿಟ್ಟು ದೂರ ಹೋದದ್ದು, ಎಲ್ಲ ಆಮೇಲಿನ ಮಾತು. ಆ ಹೊತ್ತು ಮಾವ ಎದ್ದು, ನನ್ನನ್ನೂ ಕರೆದುಕೊಂಡು ವಾರ್ಡಿನೊಳಗೆ ಹೋದರು.

"ಕೇಳಿತಾ? ನನ್ನ ಕಣ್ಣು ಸರಿಯೇ ಉಂಟು. ನೀರೇ ಹಾಳಾದದ್ದು."

ಮಲಗಿದ್ದ ಅತ್ತೆ ಕ್ಷೀಣವಾಗಿ ಕೇಳಿದರು, "ಮತ್ತೆ ಇವಳ ವರದಿ?"

ಮಾವ ನನ್ನ ಕಡೆ ನೋಡಲಿಲ್ಲ. "ಲ್ಯಾಬಿನಲ್ಲಿ ಯಾರೋ ಬಾಟಲಿ ಅದಲುಬದಲು ಮಾಡಿದ್ದಾರೆ. ಇವಳದ್ದೇನೂ ತಪ್ಪಿಲ್ಲ" ಎಂದರು.

ನೀರಿನ ವಿಷಯದಲ್ಲಿ ನನ್ನ ಮಾವ ಹೇಳಿದ ಒಂದೇ ಒಂದು ಸುಳ್ಳು ಅದು. ಅದನ್ನು ಹೇಳಿಸಿದವಳು ನಾನು.